ಗೋವೆಗೆ ಹೋಗುವ ದಿಂಡಿ

ನಮ್ಮ ಜುಗೂಳದವರಿಗೆ ದಿಂಡಿ ಅಂದರೆ ಪಂಢರಪುರದ್ದೇ. ಬೆಳಗಾವಿಗೆ ಓದಲು ಬಂದ ಮೇಲೆ ಇನ್ನೊಂದನ್ನು ಕಂಡೆ. ನವೆಂಬರ್ ಕೊನೆಗೆ ನನ್ನ ರೂಮ್‌ಮೇಟ್ ಹೆಗಲಿಗೆ ಚೀಲ ಹಾಕಿಕೊಂಡು, ಊರಿನವರ ಜೊತೆ ಹಳೆ ಗೋವೆಗೆ ನಡೆದೇ ಹೊರಟ.

ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ. 1542ರಲ್ಲಿ ಗೋವೆಗೆ ಬಂದಿಳಿದವರು, 1552ರ ಅದೇ ದಿನ ಚೀನಾ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡರು. ಆಗ ವಯಸ್ಸು 46. ಚೀನಾದೊಳಗೆ ಹೋಗುವ ಆಸೆ ಈಡೇರಲೇ ಇಲ್ಲ. ದೇಹ 1554ರಲ್ಲಿ ಗೋವೆಗೆ ಬಂತು. ಈಗ ಬಾಮ್ ಜೀಸಸ್ ಬೆಸಿಲಿಕಾದ ಬೆಳ್ಳಿ ಪೆಟ್ಟಿಗೆಯಲ್ಲಿದೆ. ಹಬ್ಬಕ್ಕೆ ಮುಂಚೆ ಒಂಬತ್ತು ದಿನ ನೊವೆನಾ ಪ್ರಾರ್ಥನೆ.

‘ತೀರಿಹೋದ ದಿನ ಹಬ್ಬ ಮಾಡ್ತಾರೇನೊ?’ ಎಂದು ಕೇಳಿದ್ದೆ. ಸಂತರಿಗೆ ಅದೇ ಸ್ವರ್ಗದಲ್ಲಿ ಹುಟ್ಟಿದ ದಿನವಂತೆ.

ಕಾಲಲ್ಲಿ ಬೊಬ್ಬೆ ಎದ್ದು ವಾಪಸ್ ಬಂದ. ಇಬ್ಬರದೂ ಪೊಲೀಸ್ ಭರ್ತಿ ರಿಸಲ್ಟ್ ಬಾಕಿಯಿತ್ತು. ‘ನೌಕರಿ ಬೇಡಿಕೊಂಡ್ಯಾ?’ ಎಂದೆ.

‘ಇಲ್ಲಲೇ, ಅವ್ವನ ಮೊಣಕಾಲ ನೋವು ಕಡಿಮಿ ಆಗ್ಲಿ ಅಂದೆ.’