ಏಳದ ಕಂಪ್ಯೂಟರು: ಫಾರ್ಮ್ಯಾಟ್ ಮಾಡಿಸುವ ಮುಂಚೆ

2024ನೆಯ ಇಸವಿ ಜುಲೈ ತಿಂಗಳ 19ನೆಯ ತಾರೀಖು, ಶುಕ್ರವಾರ, ನಮ್ಮ ಚೆನ್ನೈ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರು ತಾಸುಗಟ್ಟಲೆ ಸಾಲಿನಲ್ಲಿ ನಿಂತಿದ್ದರು. ವಿಮಾನ ಕಂಪೆನಿಗಳ ಕಂಪ್ಯೂಟರು ವ್ಯವಸ್ಥೆ ಕೆಟ್ಟು ನಿಂತಿದ್ದರಿಂದ ಬೋರ್ಡಿಂಗ್ ಪಾಸನ್ನು ಪೆನ್ನು ಹಿಡಿದು ಕೈಯಲ್ಲಿ ಬರೆದುಕೊಡಬೇಕಾಯಿತು. ಅದೇ ಹೊತ್ತಿಗೆ ಲೋಕದ ಅನೇಕ ದೇಶಗಳಲ್ಲಿ ಆಸ್ಪತ್ರೆ, ಬ್ಯಾಂಕು, ಟೆಲಿವಿಷನ್ ಕೇಂದ್ರಗಳ ಕಂಪ್ಯೂಟರುಗಳೂ ನೀಲಿ ಪರದೆ ತೋರಿಸಿ ನಿಂತವು. ಆರಿಸಿ ಹಾಕಿದರೆ ಮತ್ತೆ ಅದೇ ನೀಲಿ. ಯಾರೋ ವೈರಸ್ ಬಿಟ್ಟಿದ್ದಾರೆ ಎಂಬ ಮಾತು ಎಲ್ಲ ಕಡೆಯೂ ಹಬ್ಬಿತು.

ಅದು ವೈರಸ್ ಆಗಿರಲಿಲ್ಲ. ವೈರಸ್ಸನ್ನು ಕಾಯಲೆಂದು ದೊಡ್ಡ ಕಚೇರಿಗಳು ಇಟ್ಟುಕೊಂಡಿದ್ದ ಕ್ರೌಡ್‌ಸ್ಟ್ರೈಕ್ ಎಂಬ ಕಂಪೆನಿಯ ಕಾವಲು ಪ್ರೋಗ್ರಾಮಿಗೆ ನಮ್ಮ ಗಡಿಯಾರದ ಪ್ರಕಾರ ಅಂದು ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಒಂದು ತಪ್ಪು ಫೈಲು ಬಂದು ಸೇರಿತು. 10 ಗಂಟೆ 57 ನಿಮಿಷಕ್ಕೆ ಕಂಪೆನಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಆ ಎಪ್ಪತ್ತೆಂಟು ನಿಮಿಷಗಳ ಫಲವಾಗಿ ಸುಮಾರು 85 ಲಕ್ಷ ಕಂಪ್ಯೂಟರುಗಳು ಮಲಗಿದವೆಂದು ಮೈಕ್ರೋಸಾಫ್ಟ್ ಕಂಪೆನಿ ಲೆಕ್ಕ ಹೇಳಿತು. ಪರಿಹಾರವೋ ಬಹಳ ಚಿಕ್ಕದು: ಯಂತ್ರವನ್ನು ‘ಸೇಫ್ ಮೋಡ್’ ಎಂಬ ಸ್ಥಿತಿಯಲ್ಲಿ ಎಬ್ಬಿಸಿ, ಆ ಒಂದು ಫೈಲನ್ನು ಅಳಿಸಿ, ಮತ್ತೆ ಹಚ್ಚುವುದು. ಡಿಸ್ಕಿನೊಳಗಿನ ಕಾಗದಪತ್ರಗಳಿಗೆ ಕೂದಲೂ ಕೊಂಕಿರಲಿಲ್ಲ. ಆ ದಿನ ಗಾಬರಿಬಿದ್ದು ಡಿಸ್ಕನ್ನು ತೊಳೆಸಿದವರು ಯಾರಾದರೂ ಇದ್ದರೆ ಅವರು ಕಳೆದುಕೊಂಡದ್ದು ವೃಥಾ.

ಇಷ್ಟು ಪೀಠಿಕೆ ಏಕೆಂದರೆ, ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಅನೇಕರ ಬಳಿ ಈಗ ಒಂದು ಹಳೆಯ ಲ್ಯಾಪ್‌ಟಾಪೋ, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಕಂಪ್ಯೂಟರೋ ಇದೆ. ಊರು ಬಿಟ್ಟು ಬಂದವರ ಟ್ರಂಕು ಈಗ ಅದೇ. ಪ್ರಾವಿಡೆಂಟ್ ಫಂಡಿನ ಕಾಗದ, ಊರ ಜಮೀನಿನ ಪಹಣಿ, ಮಕ್ಕಳ ಮಾರ್ಕ್ಸ್ ಕಾರ್ಡು, ಯಜಮಾನರ ಅಂಗಡಿಯ ಲೆಕ್ಕ, ಎಲ್ಲವೂ ಅದರಲ್ಲಿ. ಅದು ಒಂದು ದಿನ ಬೆಳಿಗ್ಗೆ ಏಳದೆ ಹೋದರೆ ‘ವೈರಸ್ ಬಂದಿದೆ’ ಎಂದುಕೊಂಡು ಹತ್ತಿರದ ಅಂಗಡಿಗೆ ಹೊತ್ತುಕೊಂಡು ಹೋಗುತ್ತೇವೆ. ಅಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: “ಫಾರ್ಮಟ್ ಪಣ್ಣಿಡಲಾಮ್ ಸಾರ್.” ಫಾರ್ಮ್ಯಾಟ್ ಎಂದರೆ ಟ್ರಂಕಿನಲ್ಲಿದ್ದದ್ದನ್ನೆಲ್ಲ ಬೀದಿಗೆ ಸುರಿದು ಬರಿಯ ಟ್ರಂಕನ್ನು ಹಿಂದಿರುಗಿಸುವುದು. ಹೋಟೆಲೊಂದರಲ್ಲಿ ಲೆಕ್ಕ ಬರೆಯುವ ನಮ್ಮ ಸದಸ್ಯರೊಬ್ಬರಿಗೆ ಹೀಗೆಯೇ ಆಯಿತು. ಆರು ವರ್ಷಗಳ ಲೆಕ್ಕ, ತಂಗಿಯ ಮದುವೆಯ ಭಾವಚಿತ್ರಗಳು ಹೋದವು. ಮೂರು ವಾರ ಕಳೆಯುವುದರೊಳಗೆ ಯಂತ್ರ ಮತ್ತೆ ನಿಂತಿತು. ಆಗ ಬೇರೊಬ್ಬರು ಬಿಚ್ಚಿ ನೋಡಿದರೆ ಕೆಟ್ಟಿದ್ದದ್ದು ರ‍್ಯಾಮ್ ಎಂಬ ನೆನಪಿನ ಪಟ್ಟಿ. ವೈರಸ್ ಬಂದೇ ಇರಲಿಲ್ಲ.

ಆದಕಾರಣ ಮೊದಲು ತಿಳಿಯತಕ್ಕದ್ದು ಯಂತ್ರ ಎಲ್ಲಿ ನಿಂತಿತು ಎಂಬುದನ್ನು. ಏಕೆ ಎಂಬುದು ಆಮೇಲಿನ ಮಾತು.

ಕಂಪ್ಯೂಟರು ಏಳುವ ಕ್ರಮವು ಬೆಳಗಿನ ಜಾವ ಹೋಟೆಲು ತೆರೆಯುವ ಕ್ರಮದಂತೆ ಇದೆ. ಮೊದಲು ಬಾಗಿಲು ತೆರೆಯುವ ಆಳು ಬಂದು ದೀಪ, ನೀರು, ಗ್ಯಾಸು ಸರಿಯಾಗಿವೆಯೇ ನೋಡುತ್ತಾನೆ. ಕಂಪ್ಯೂಟರಿನಲ್ಲಿ ಈ ಕೆಲಸ ಮದರ್‌ಬೋರ್ಡಿನ ಮೇಲಿರುವ ಬಯಾಸ್ ಎಂಬ ಸಣ್ಣ ಚಿಪ್ಪಿನದು. ಅದು ರ‍್ಯಾಮು, ಕೀಬೋರ್ಡು, ಪರದೆಗಳನ್ನು ಪರೀಕ್ಷಿಸಿ, ತಯಾರಕರ ಹೆಸರನ್ನು ತೆರೆಯ ಮೇಲೆ ಮೂಡಿಸುತ್ತದೆ. ಎರಡನೆಯದಾಗಿ ಉಗ್ರಾಣದ ಬೀಗ ತೆಗೆಯುವುದು, ಎಂದರೆ ಡಿಸ್ಕನ್ನು ಹುಡುಕುವುದು. ಮೂರನೆಯದಾಗಿ ಭಟ್ಟರು ಒಲೆ ಹಚ್ಚುತ್ತಾರೆ. ವಿಂಡೋಸ್ ಮೇಲಕ್ಕೆ ಬರುತ್ತದೆ, ಚುಕ್ಕೆಗಳು ಸುತ್ತುತ್ತವೆ. ಕಡೆಗೆ ಸಪ್ಲೈಯರುಗಳು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ. ನಾವು ಹಾಕಿಕೊಂಡ ಪ್ರೋಗ್ರಾಮುಗಳು ತಾವಾಗಿ ತೆರೆದುಕೊಳ್ಳುತ್ತವೆ. ವೈರಸ್ಸೆಂಬ ಕಳ್ಳನು ಸಾಮಾನ್ಯವಾಗಿ ಸೇರಿಕೊಳ್ಳುವುದು ಈ ಕಡೆಯ ಗುಂಪಿನಲ್ಲಿ. ಬಾಗಿಲೇ ತೆರೆಯದ ದಿನ ಸಪ್ಲೈಯರನ್ನು ಬೈದು ಫಲವಿಲ್ಲವಷ್ಟೆ!

ಗುಂಡಿ ಒತ್ತಿದರೆ ದೀಪವೇ ಹತ್ತದಿದ್ದರೆ, ಫ್ಯಾನಿನ ಸದ್ದೂ ಇಲ್ಲದಿದ್ದರೆ, ಅದು ಕರೆಂಟಿನ ಸಂಗತಿ. ಬೇರೆ ಪ್ಲಗ್ಗಿನಲ್ಲಿ ಹಾಕಿ ನೋಡಿ. ಲ್ಯಾಪ್‌ಟಾಪಾದರೆ ಪರಿಚಯದವರ ಚಾರ್ಜರು ಹೊಂದುವುದಾದರೆ ಅದನ್ನು ಹಾಕಿ ನೋಡಿ. ಚಾರ್ಜರು ತೆಗೆದು, ಬ್ಯಾಟರಿ ಬಿಚ್ಚುವಂತಿದ್ದರೆ ಅದನ್ನೂ ಬಿಚ್ಚಿ, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಜೋಡಿಸಿದರೆ ಎಷ್ಟೋ ಯಂತ್ರಗಳು ಏಳುತ್ತವೆ. ದೀಪ ಹತ್ತಿ ಫ್ಯಾನು ತಿರುಗಿದರೂ ಪರದೆ ಕಪ್ಪಾಗಿಯೇ ಇದ್ದರೆ, ಅಥವಾ ಬೀಪ್ ಬೀಪ್ ಎಂದು ಸದ್ದಾದರೆ, ರ‍್ಯಾಮಿನ ಮೇಲೆ ಅನುಮಾನ ಪಡಬೇಕು. ಸಮುದ್ರದ ಉಪ್ಪುಗಾಳಿ, ಧೂಳು, ಬೆವರುವ ಸೆಕೆ ಸೇರಿದ ಈ ಪಟ್ಟಣದಲ್ಲಿ ಲೋಹದ ತುದಿಗಳಿಗೆ ಕಿಲುಬು ಹಿಡಿಯುವುದು ಆಶ್ಚರ್ಯವಲ್ಲ. ಮೇಜಿನ ಕಂಪ್ಯೂಟರಾದರೆ ಕರೆಂಟು ತೆಗೆದು, ಆ ಪಟ್ಟಿಯನ್ನು ಬಿಡಿಸಿ, ಹೊಂಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರಸಿ, ಟಕ್ಕೆನ್ನುವಂತೆ ಕೂರಿಸಬೇಕು. ರಿಪೇರಿಯವರು ಮಾಡುವುದೂ ಇದನ್ನೇ.

ವೈರಸ್ಸು ಈ ಮೊದಲ ಮೆಟ್ಟಿಲಿಗೆ ಎಂದೂ ಬರುವುದಿಲ್ಲವೆಂದಲ್ಲ. 1999ರ ಏಪ್ರಿಲ್ 26ರಂದು ಸಿ.ಐ.ಎಚ್. ಎಂಬ ತೈವಾನಿನ ವೈರಸ್ಸು ಬಯಾಸ್ ಚಿಪ್ಪಿನ ಬರಹವನ್ನೇ ಕೆಡಿಸಿ ಏಷ್ಯಾದ ಅನೇಕ ದೇಶಗಳಲ್ಲಿ ಯಂತ್ರಗಳನ್ನು ಕಲ್ಲಾಗಿಸಿತು. ಅದಕ್ಕೂ ಹಿಂದೆ, 1986ರಲ್ಲಿ, ಲಾಹೋರಿನ ಆಲ್ವಿ ಸಹೋದರರು ಬರೆದ ‘ಬ್ರೇನ್’ ಎಂಬುದು ಫ್ಲಾಪಿಯ ಮೊದಲ ಭಾಗದಲ್ಲಿ, ಎಂದರೆ ಉಗ್ರಾಣದ ಬಾಗಿಲಲ್ಲೇ, ಕುಳಿತಿರುತ್ತಿತ್ತು. ಆ ಮಹಾಶಯರು ತಮ್ಮ ವಿಳಾಸವನ್ನೂ ಟೆಲಿಫೋನ್ ನಂಬರನ್ನೂ ಅದರೊಳಗೆ ಬರೆದಿಟ್ಟಿದ್ದರು! ಈಗಿನ ಕಳ್ಳರಲ್ಲಿ ಆ ಸೌಜನ್ಯವಿಲ್ಲ. ಆದರೆ ಅಂಥವು ಇಂದು ವಿರಳ.

ತಯಾರಕರ ಹೆಸರು ಬಂದು, ಬೂಟ್ ಮಾಡಲು ಡಿಸ್ಕ್ ಇಲ್ಲ ಎಂಬರ್ಥದ ಇಂಗ್ಲಿಷ್ ಸಾಲು ಕಂಡರೆ, ಮೊದಲು ಯಂತ್ರಕ್ಕೆ ಚುಚ್ಚಿರುವ ಪೆನ್‌ಡ್ರೈವನ್ನು ಕೀಳಿ. ನಗಬೇಡಿ, ರಾತ್ರಿ ಮರೆತು ಬಿಟ್ಟ ಪೆನ್‌ಡ್ರೈವನ್ನೇ ಡಿಸ್ಕೆಂದು ತಿಳಿದು ಯಂತ್ರ ಕಾಯುತ್ತ ಕುಳಿತಿರಬಹುದು. ಅದಲ್ಲದೆ ಡಿಸ್ಕಿನಿಂದ ಟಿಕ್ ಟಿಕ್ ಎಂದು ಬಡಿಯುವ ಸದ್ದು ಬರುತ್ತಿದ್ದರೆ ಕೂಡಲೆ ಆರಿಸಿಬಿಡಿ. ಅದು ಸಾಯುತ್ತಿರುವ ಡಿಸ್ಕು. ಮತ್ತೆ ಮತ್ತೆ ಹಚ್ಚಿದಷ್ಟೂ ಒಳಗಿನದು ಹಾಳು.

ಚುಕ್ಕೆಗಳು ಸುತ್ತುತ್ತಲೇ ಇದ್ದರೆ ಅವಸರ ಕೂಡದು. ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ ಎಂದು ಬರೆದಿದ್ದರೆ ಊಟ ಮುಗಿಸಿ ಬಂದು ನೋಡಿ. ಹಳೆಯ ಯಂತ್ರಗಳಿಗೆ ತಾಸು, ಎರಡು ತಾಸು ಹಿಡಿಯುವುದುಂಟು. ಅಂಥ ಬರಹವೇನೂ ಇಲ್ಲದೆ ಬಹಳ ಹೊತ್ತು ನಿಂತಿದ್ದರೆ, ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಆರಿಸಿ, ಹಚ್ಚಿ, ಹೆಸರು ಮೂಡಿದೊಡನೆ ಮತ್ತೆ ಆರಿಸಿ. ಹೀಗೆ ಎರಡು ಸಲ ಏಳುವುದು ತಪ್ಪಿತೆಂದರೆ ವಿಂಡೋಸ್ 10, 11ರಲ್ಲಿ ಮೂರನೆಯ ಸಲಕ್ಕೆ ರಿಪೇರಿಯ ತೆರೆ ತಾನಾಗಿ ಬರುತ್ತದೆ. ಮೊದಲಿನಂತೆ ಎಫ್-8 ಗುಂಡಿ ಬಡಿದು ಕಾದರೆ ಈಗ ಸಾಮಾನ್ಯವಾಗಿ ಏನೂ ಬರುವುದಿಲ್ಲ. ಆ ತೆರೆಯಲ್ಲಿ ಟ್ರಬಲ್‌ಶೂಟ್, ಅಲ್ಲಿಂದ ಅಡ್ವಾನ್ಸ್ಡ್ ಆಪ್ಶನ್ಸ್, ಅಲ್ಲಿಂದ ಸ್ಟಾರ್ಟಪ್ ಸೆಟಿಂಗ್ಸ್, ಆಮೇಲೆ ರೀಸ್ಟಾರ್ಟ್ ಒತ್ತಿ, ಪಟ್ಟಿ ಬಂದಾಗ 4ನ್ನು ಒತ್ತಿದರೆ ಸೇಫ್ ಮೋಡ್. ವಿಮಾನ ನಿಲ್ದಾಣದವರಿಗೂ ನಮಗೂ ಇದೊಂದೇ ಬಾಗಿಲು. ಸೇಫ್ ಮೋಡಿನಲ್ಲಿ ಭಟ್ಟರೊಬ್ಬರೇ ಬರುತ್ತಾರೆ, ಸಪ್ಲೈಯರುಗಳಿಗೆ ಪ್ರವೇಶವಿಲ್ಲ. ಹೀಗೆ ಯಂತ್ರ ನೆಟ್ಟಗೆ ಎದ್ದರೆ, ದೋಷ ಬಹುಶಃ ನಂತರ ಸೇರಿಸಿದ ಯಾವುದೋ ಪ್ರೋಗ್ರಾಮಿನದು, ಡ್ರೈವರಿನದು, ಇಲ್ಲವೆ ವೈರಸ್ಸಿನದು.

ಎದ್ದ ಕೂಡಲೆ ಮಾಡತಕ್ಕದ್ದು ವೈರಸ್ ಬೇಟೆಯಲ್ಲ. ಕಾಗದಪತ್ರಗಳನ್ನು ಹೊರಕ್ಕೆ ಸಾಗಿಸುವುದು. ಖಾಲಿ ಪೆನ್‌ಡ್ರೈವಿಗೋ ಹೊರಗಿನ ಡಿಸ್ಕಿಗೋ ದಾಖಲೆಗಳನ್ನೂ ಚಿತ್ರಗಳನ್ನೂ ಮಾತ್ರ ನಕಲು ಮಾಡಿ. ಪ್ರೋಗ್ರಾಮುಗಳನ್ನು ಒಯ್ಯಬೇಡಿ, ಕಳ್ಳನೂ ಜೊತೆಗೆ ಬಂದಾನು. ಸೇಫ್ ಮೋಡೂ ಏಳದಿದ್ದರೆ ಇನ್ನೆರಡು ದಾರಿಗಳಿವೆ. ಸ್ನೇಹಿತರ ಯಂತ್ರದಲ್ಲಿ ಉಬುಂಟು ಮೊದಲಾದ ಲಿನಕ್ಸನ್ನು ಒಂದು ಪೆನ್‌ಡ್ರೈವಿಗೆ ತುಂಬಿಸಿಕೊಂಡು, ಅದರಿಂದಲೇ ನಿಮ್ಮ ಯಂತ್ರವನ್ನು ಎಬ್ಬಿಸಿ, ಏನನ್ನೂ ಇನ್‌ಸ್ಟಾಲ್ ಮಾಡದೆ ಫೈಲುಗಳನ್ನು ತೆಗೆದುಕೊಳ್ಳಬಹುದು. ಅಥವಾ ಡಿಸ್ಕನ್ನೇ ಬಿಚ್ಚಿ, ಅದನ್ನು ಪೆನ್‌ಡ್ರೈವಿನಂತೆ ಮಾಡುವ ಡಬ್ಬಿಯಲ್ಲಿ ಹಾಕಿ ಬೇರೆ ಯಂತ್ರಕ್ಕೆ ಚುಚ್ಚಬಹುದು. ಮೌಂಟ್ ರೋಡಿನ ಪಕ್ಕದ ರಿಚ್ಚಿ ಸ್ಟ್ರೀಟಿನಲ್ಲಿ ಈ ಡಬ್ಬಿ ಸಿಗುತ್ತದೆ. ಒಂದು ತೊಡಕಿದೆ: ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ನಮಗೆ ತಿಳಿಯದೆಯೇ ಬಿದ್ದಿರುತ್ತದೆ. ಅದಕ್ಕೆ 48 ಅಂಕಿಗಳ ಕೀಲಿ ಬೇಕು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಯಂತ್ರ ಸರಿಯಿರುವಾಗಲೇ, ಇವತ್ತೇ, ಅದನ್ನು ಕಾಗದದಲ್ಲಿ ಬರೆದಿಡಿ. 2024ರ ಆ ಶುಕ್ರವಾರ ಅನೇಕ ಕಚೇರಿಗಳು ತಡವಾದದ್ದು ಈ ಕೀಲಿಗಳನ್ನು ಹುಡುಕುವುದರಲ್ಲೇ.

ಕಾಗದಪತ್ರ ಕೈಸೇರಿದ ಮೇಲೆ ಇಂಟರ್‌ನೆಟ್ ಕಳಚಿ, ಇತ್ತೀಚೆಗೆ ಹಾಕಿಕೊಂಡ ಪ್ರೋಗ್ರಾಮುಗಳನ್ನು ತೆಗೆದುಹಾಕಿ ನೋಡಿ. ಯಂತ್ರ ಮಾಮೂಲಾಗಿ ಎದ್ದರೆ ವಿಂಡೋಸಿನಲ್ಲೇ ಇರುವ ಡಿಫೆಂಡರಿನ ‘ಆಫ್‌ಲೈನ್ ಸ್ಕ್ಯಾನ್’ ಕೊಡಿ. ಅದು ವಿಂಡೋಸ್ ಏಳುವ ಮುಂಚೆಯೇ, ಕಳ್ಳ ಮಲಗಿರುವಾಗಲೇ, ಹುಡುಕುತ್ತದೆ. ಸುಮಾರು ಕಾಲು ಗಂಟೆಯ ಕೆಲಸ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ವೈರಸ್ ತೆಗೆಯುವ ಸಲಕರಣೆಗಳನ್ನು ಉಚಿತವಾಗಿ ಕೊಡುತ್ತಿದೆ. ನಮ್ಮವರಿಗೆ ವೈರಸ್ಸು ಅಂಟುವ ಎರಡು ದೊಡ್ಡ ದಾರಿಗಳು ಜೆರಾಕ್ಸ್ ಅಂಗಡಿಯ ಕಂಪ್ಯೂಟರೂ ಕಳ್ಳ ಪ್ರತಿಯ ಪ್ರೋಗ್ರಾಮುಗಳೂ ಎಂದು ನಮ್ಮ ಅಭಿಪ್ರಾಯ. ಪ್ರಿಂಟು ತೆಗೆಸಿ ಬಂದ ಪೆನ್‌ಡ್ರೈವಿನಲ್ಲಿ ಫೈಲುಗಳ ಜಾಗದಲ್ಲಿ ಬರಿಯ ಶಾರ್ಟ್‌ಕಟ್‌ಗಳು ಕಂಡರೆ ಅವನ್ನು ಒತ್ತಬೇಡಿ. ಅನೇಕ ವೇಳೆ ನಿಮ್ಮ ಫೈಲುಗಳು ಅಲ್ಲೇ ಅಡಗಿರುತ್ತವೆ, ಅಳಿದಿರುವುದಿಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ರಿಪೇರಿಯ ತೆರೆಯಲ್ಲಿ ‘ರೀಸೆಟ್’ ಇದೆ. ಅದರಲ್ಲಿ ‘ಕೀಪ್ ಮೈ ಫೈಲ್ಸ್’ ಎಂಬುದನ್ನು ಆರಿಸಿಕೊಂಡರೆ ನಿಮ್ಮ ದಾಖಲೆಗಳು ಉಳಿದು ಹಾಕಿಕೊಂಡ ಪ್ರೋಗ್ರಾಮುಗಳು ಮಾತ್ರ ಹೋಗುತ್ತವೆ. ನುಡಿ, ಬರಹಗಳಲ್ಲಿ ಹಳೆಯ ಕಾಗದಗಳನ್ನು ಟೈಪು ಮಾಡಿಟ್ಟವರಿಗೆ ಒಂದು ಮಾತು: ರೀಸೆಟ್ ಆದ ಮೇಲೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಹೆದರಬೇಡಿ. ಹೋದದ್ದು ಫಾಂಟು, ಕಾಗದವಲ್ಲ. ಫಾಂಟನ್ನು ಮತ್ತೆ ಹಾಕಿದರೆ ಕನ್ನಡ ಹಿಂದಿರುಗುತ್ತದೆ.

ಒಂದು ಜಾತಿಯ ವೈರಸ್ಸು ಮಾತ್ರ ಬೇರೆ. ಫೈಲುಗಳಿಗೆಲ್ಲ ಬೀಗ ಜಡಿದು ಹಣ ಕೇಳುವುದು ಅದರ ಕಸುಬು. 2017ರ ಮೇ 12ರಂದು ಹಬ್ಬಿದ ವಾನಾಕ್ರೈ ಸುಮಾರು 150 ದೇಶಗಳನ್ನು ಮುಟ್ಟಿತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಆ ಮಾರ್ಚಿಯಲ್ಲೇ ಕೊಟ್ಟಿದ್ದರೂ ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಂಥ ಬೆದರಿಕೆ ಪರದೆಯ ಮೇಲೆ ಕಂಡರೆ ನೆಟ್ ಕಿತ್ತುಹಾಕಿ, ಹಣ ಕಟ್ಟಬೇಡಿ, ಬೀಗ ಬಿದ್ದ ಫೈಲುಗಳನ್ನು ಅಳಿಸಲೂಬೇಡಿ. ಯೂರೋಪಿನ ಪೊಲೀಸರು 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಎಂಬ ಸಂಸ್ಥೆಯಲ್ಲಿ ಕೆಲವು ಬೀಗಗಳಿಗೆ ಕೀಲಿ ಉಚಿತವಾಗಿ ಸಿಗುತ್ತದೆ. ಇಂದು ಸಿಗದಿದ್ದರೂ ಮುಂದೆ ಸಿಗಬಹುದು. ಹಣ ಹೋಗಿದ್ದರೆ 1930ಕ್ಕೆ ತಡಮಾಡದೆ ಫೋನು ಮಾಡಬೇಕು.

ಅಂಗಡಿಗೆ ಹೋಗಲೇಬೇಕಾಗಿ ಬಂದಾಗ ‘ವೈರಸ್ ಬಂದಿದೆ’ ಎಂದು ನೀವಾಗಿ ಹೇಳಬೇಡಿ. ಎಲ್ಲಿ ನಿಂತಿತು, ಪರದೆಯ ಮೇಲೆ ಏನು ಬರೆದಿತ್ತು ಎಂದು ಹೇಳಿ. ಮೊಬೈಲಿನಲ್ಲಿ ಆ ಪರದೆಯ ಚಿತ್ರ ತೆಗೆದುಕೊಂಡು ಹೋದರೆ ಇನ್ನೂ ಉತ್ತಮ. ಡಿಸ್ಕು ಬದಲಾಯಿಸಿದರೆ ಹಳೆಯದನ್ನು ಕೇಳಿ ತನ್ನಿ. ತಮಿಳು ಇನ್ನೂ ನಾಲಿಗೆಗೆ ಒಗ್ಗದ ಹೊಸಬರು ಈ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡರೆ ಸಾಕು: “ಮುದಲ್ಲ ಡೇಟಾ ಎಡುತ್ತುಕ್ ಕುಡುಂಗ, ಅಪ್ಪುರಂ ಫಾರ್ಮಟ್ ಪಣ್ಣುಂಗ.” ಮೊದಲು ಡೇಟಾ ತೆಗೆದುಕೊಡಿ, ಆಮೇಲೆ ಫಾರ್ಮ್ಯಾಟ್ ಮಾಡಿ ಎಂದು ಅರ್ಥ.