ಚಲಚ್ಚಿತ್ರದ ವೀರಕಥೆಯೂ ಕ್ರೈಸ್ತ ದೃಷ್ಟಿಯೂ

ಜನಪ್ರಿಯ ಚಲಚ್ಚಿತ್ರಗಳ ನಾಯಕರಲ್ಲಿ ಕ್ರಿಸ್ತನ ಛಾಯೆಯನ್ನು ಗುರುತಿಸುವುದು ಪಾಶ್ಚಾತ್ಯ ವಿಮರ್ಶೆಯಲ್ಲಿ ರೂಢಿಯಾಗಿದೆ. ನಾಯಕನು ಲೋಕಕ್ಕಾಗಿ ನೊಂದು, ಸತ್ತಂತೆ ಕಂಡು ಮರಳಿ ಎದ್ದರೆ ಸಾಕು, ಅವನು ಕ್ರಿಸ್ತಪ್ರತಿಮೆಯೆನಿಸುತ್ತಾನೆ. ೨೦೧೩ರಲ್ಲಿ ‘ಮ್ಯಾನ್ ಆಫ್ ಸ್ಟೀಲ್’ ಚಿತ್ರ ತೆರೆಗೆ ಬಂದಾಗ, ಅದರ ಪ್ರಚಾರದ ಅಂಗವಾಗಿ ಅಮೆರಿಕದ ಪಾದ್ರಿಗಳಿಗೆ ಪ್ರಸಂಗದ ಟಿಪ್ಪಣಿಗಳನ್ನೇ ಸಿದ್ಧಪಡಿಸಿ ಒದಗಿಸಲಾಗಿತ್ತು. ಆದರೆ ಸೂಪರ್‌ಮ್ಯಾನ್ ಪಾತ್ರವನ್ನು ಕಲ್ಪಿಸಿದ ಜೆರಿ ಸೀಗಲ್, ಜೋ ಶುಸ್ಟರ್ ಇಬ್ಬರೂ ಯೆಹೂದ್ಯರು. ೧೯೩೮ರಲ್ಲಿ ಮೊದಲು ಅಚ್ಚಾದ ಆ ಕಥೆಯ ಶಿಶು ಬೆತ್ಲೆಹೇಮಿನ ಗೋದಲಿಗಿಂತ ನೈಲ್ ನದಿಯಲ್ಲಿ ದೊರೆತ ಮೋಶೆಯ ಬುಟ್ಟಿಗೇ ಹೆಚ್ಚು ಸಮೀಪವಾಗಿದೆ. ಹೊರಹೋಲಿಕೆಯನ್ನು ನೆಚ್ಚಿ ನಿರ್ಣಯಿಸುವುದು ಅಪಾಯಕರವೆಂದು ಇದರಿಂದ ತಿಳಿಯುತ್ತದೆ. ವೀರನು ಏನೇನನ್ನು ಅನುಭವಿಸಿದನೆಂಬುದಕ್ಕಿಂತಲೂ, ಅವನ ಬಲ ಕುಂದಿದ ಗಳಿಗೆಯಲ್ಲಿ ಕಾರ್ಯಸಿದ್ಧಿ ಯಾವುದರಿಂದ ಆಯಿತೆಂಬುದೇ ಕ್ರೈಸ್ತ ದೃಷ್ಟಿಗೆ ಮುಖ್ಯವಾದ ಪ್ರಶ್ನೆ.

ವೀರಕಥೆಗಳ ಸಾಮಾನ್ಯ ಸ್ವರೂಪವನ್ನು ಈ ಚಿತ್ರಗಳ ಕರ್ತೃಗಳಿಗೆ ಒದಗಿಸಿಕೊಟ್ಟವರು ಅಮೆರಿಕದ ವಿದ್ವಾಂಸ ಜೋಸೆಫ್ ಕ್ಯಾಂಬೆಲ್. ೧೯೪೯ರಲ್ಲಿ ಪ್ರಕಟವಾದ, ‘ಸಹಸ್ರಮುಖಗಳ ವೀರ’ ಎಂಬರ್ಥದ ಹೆಸರುಳ್ಳ ಗ್ರಂಥದಲ್ಲಿ ಅವರು ನಾನಾ ದೇಶಗಳ ಪುರಾಣಗಳನ್ನು ಹೋಲಿಸಿ, ಎಲ್ಲದರ ತಳದಲ್ಲಿಯೂ ಒಂದೇ ಸೂತ್ರವಿದೆಯೆಂದು ವಾದಿಸಿದರು. ವೀರನು ಮನೆಯನ್ನು ಬಿಟ್ಟು ಹೊರಡುತ್ತಾನೆ. ಅಪರಿಚಿತ ಲೋಕದಲ್ಲಿ ಪರೀಕ್ಷೆಗಳನ್ನು ಗೆಲ್ಲುತ್ತಾನೆ. ತನ್ನವರಿಗೆ ಹಿತವಾಗುವ ವರವನ್ನು ಪಡೆದು ಮರಳುತ್ತಾನೆ. ೧೯೭೭ರ ‘ಸ್ಟಾರ್ ವಾರ್ಸ್’ ಚಿತ್ರದ ನಿರ್ದೇಶಕ ಜಾರ್ಜ್ ಲೂಕಸ್ ಈ ಗ್ರಂಥದ ಋಣವನ್ನು ಮುಕ್ತವಾಗಿ ಒಪ್ಪಿಕೊಂಡಿದ್ದಾರೆ. ಕ್ಯಾಂಬೆಲ್ಲರ ಮತದಲ್ಲಿ ಕ್ರಿಸ್ತನೂ ಆ ಸಹಸ್ರ ಮುಖಗಳಲ್ಲೊಂದು. ವೀರನು ಪಯಣದ ತುದಿಯಲ್ಲಿ ಕಾಣುವ ದೈವತ್ವ ಮೊದಲಿನಿಂದಲೂ ಅವನೊಳಗೇ ಇದ್ದುದು. ಶ್ರೀರಾಮಕೃಷ್ಣರ ಸಂಭಾಷಣೆಗಳನ್ನು ೧೯೪೨ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ಸ್ವಾಮಿ ನಿಖಿಲಾನಂದರಿಗೆ ಕ್ಯಾಂಬೆಲ್ ನೆರವಾಗಿದ್ದರೆಂಬುದನ್ನು ನೆನೆದರೆ, ಈ ವಿಚಾರ ನಮಗೆ ಅಪರಿಚಿತವೆನಿಸದು.

ಕ್ರೈಸ್ತಧರ್ಮವು ಪುರಾಣಗಳಿಗೆ ವಿರೋಧಿಯೆಂದು ಇದರಿಂದ ಭಾವಿಸಬೇಕಾಗಿಲ್ಲ. ೧೯೩೧ರ ಸೆಪ್ಟೆಂಬರಿನ ಒಂದು ರಾತ್ರಿ ಆಕ್ಸ್‌ಫರ್ಡಿನಲ್ಲಿ ಜೆ. ಆರ್. ಆರ್. ಟೋಲ್ಕಿನ್ ಮತ್ತು ಹ್ಯೂಗೋ ಡೈಸನ್ ತಮ್ಮ ಮಿತ್ರ ಸಿ. ಎಸ್. ಲೂಯಿಸರೊಡನೆ ಇದೇ ವಿಷಯವನ್ನು ಚರ್ಚಿಸಿದರು. ಸತ್ತು ಮರಳುವ ದೇವರ ಕಥೆ ಅನ್ಯ ಪುರಾಣಗಳಲ್ಲಿ ಬಂದಾಗ ತಮ್ಮ ಮನಸ್ಸನ್ನು ಕಲಕುತ್ತದೆ, ಸುವಾರ್ತೆಯಲ್ಲಿ ಮಾತ್ರ ಏಕೆ ಕಲಕದು ಎಂಬುದು ಲೂಯಿಸರ ತೊಡಕು. ಕ್ರಿಸ್ತನ ಕಥೆಯೂ ಪುರಾಣವೇ, ಆದರೆ ನಿಜವಾಗಿ ನಡೆದ ಪುರಾಣವೆಂಬ ತಿಳಿವಳಿಕೆ ಅವರಿಗೆ ಅಂದು ಮೂಡಿತು. ಕ್ರೈಸ್ತರ ವಿಶ್ವಾಸಪ್ರಮಾಣದಲ್ಲಿ ಪಿಲಾತನೆಂಬ ರೋಮನ್ ಅಧಿಕಾರಿಯ ಹೆಸರು ಬರುವುದು ಈ ದೃಷ್ಟಿಯಿಂದ ಅರ್ಥಪೂರ್ಣವಾದುದು. ಪುರಾಣಕ್ಕೆ ಅಲ್ಲಿ ಕಾಲದೇಶಗಳ ಮುದ್ರೆ ಬಿದ್ದಿದೆ. ಗತಿಯಲ್ಲಿಯೂ ಭೇದವುಂಟು. ಕ್ಯಾಂಬೆಲ್ಲರ ವೀರನು ಮನುಷ್ಯನಾಗಿ ಹೊರಟು ದೈವತ್ವಕ್ಕೆ ಏರುತ್ತಾನೆ. ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿಯಾದರೋ, ಕ್ರಿಸ್ತನು ದೈವತ್ವದಿಂದ ದಾಸನ ಸ್ಥಿತಿಗೆ, ಅಲ್ಲಿಂದ ಶಿಲುಬೆಯ ಮರಣಕ್ಕೆ ಇಳಿಯುತ್ತಾನೆ.

ಈ ಭೇದವು ಕಥೆಯ ರಚನೆಯನ್ನೇ ಹೇಗೆ ಬದಲಿಸುತ್ತದೆಂಬುದಕ್ಕೆ ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದ ರಿಂಗ್ಸ್’ (೧೯೫೪-೫೫) ಉತ್ತಮ ನಿದರ್ಶನ. ಸರ್ವನಾಶಕಾರಿಯಾದ ಉಂಗುರವನ್ನು ಅಗ್ನಿಪರ್ವತದೊಳಗೆ ಎಸೆಯಬೇಕೆಂದು ಹೊರಟ ಫ್ರೋಡೊ, ಗುರಿ ತಲುಪಿದ ಮೇಲೆ ಸೋಲುತ್ತಾನೆ. ಉಂಗುರ ತನ್ನದೆಂದು ಸಾರಿ ಅದನ್ನು ಧರಿಸುತ್ತಾನೆ. ಅದೇ ಉಂಗುರದ ಮೋಹದಿಂದ ಹೀನದಶೆಗಿಳಿದ ಗೊಲ್ಲಮ್ ಎಂಬವನು ಫ್ರೋಡೊನ ಬೆರಳನ್ನು ಕಚ್ಚಿ ಕಿತ್ತು, ಹರ್ಷದಿಂದ ಕುಣಿಯುತ್ತ ಕಾಲುತಪ್ಪಿ ಉಂಗುರದೊಡನೆ ಬೆಂಕಿಗೆ ಬೀಳುತ್ತಾನೆ. ಕೊಲ್ಲಲು ಅವಕಾಶವಿದ್ದಾಗ ಮೊದಲು ಬಿಲ್ಬೊ, ಅನಂತರ ಫ್ರೋಡೊ, ಕನಿಕರದಿಂದ ಅವನನ್ನು ಬಿಟ್ಟಿದ್ದರು. ಲೋಕವನ್ನು ಉಳಿಸಿದುದು ಆ ಕನಿಕರ. ಕ್ಯಾಥೊಲಿಕರಾಗಿದ್ದ ಟೋಲ್ಕಿನ್ ೧೯೫೬ರ ಪತ್ರವೊಂದರಲ್ಲಿ ಈ ಪ್ರಸಂಗವನ್ನು, ಕ್ರಿಸ್ತನು ಕಲಿಸಿದ ಪ್ರಾರ್ಥನೆಯಲ್ಲಿನ ಕ್ಷಮೆಯ ಹಾಗೂ ಶೋಧನೆಯ ಬೇಡಿಕೆಗಳೊಡನೆ ಸಂಬಂಧಿಸಿ ವಿವರಿಸಿದ್ದಾರೆ.

ಪೀಟರ್ ಜಾಕ್ಸನ್ನರ ೨೦೦೩ರ ಚಿತ್ರದಲ್ಲಿ ಈ ಸನ್ನಿವೇಶ ಮಾರ್ಪಟ್ಟಿದೆ. ಅಲ್ಲಿ ಫ್ರೋಡೊ ಪುನಃ ಮೇಲೆದ್ದು ಗೊಲ್ಲಮನ ಮೇಲೆ ಬೀಳುತ್ತಾನೆ. ಇಬ್ಬರೂ ಸೆಣಸುತ್ತ ಅಂಚಿನಿಂದ ಜಾರುತ್ತಾರೆ. ಫ್ರೋಡೊ ಹೋರಾಡುವುದು ಉಂಗುರವನ್ನು ನಾಶಪಡಿಸುವುದಕ್ಕಲ್ಲ, ಮರಳಿ ಪಡೆಯುವುದಕ್ಕೆ. ಅಷ್ಟರಮಟ್ಟಿಗೆ ಅವನ ಸೋಲನ್ನು ಚಿತ್ರವು ಮರೆಮಾಡಿಲ್ಲ. ಆದರೂ ಅಂತಿಮ ಕಾರ್ಯದಲ್ಲಿ ನಾಯಕನ ಕೈ ಇರಲೇಬೇಕೆಂಬ ತೆರೆಯ ನಿಯಮ ಇಲ್ಲಿ ಗೆದ್ದಿದೆ. ಕಾಲುತಪ್ಪಿ ಬೀಳುವುದನ್ನು ಪ್ರೇಕ್ಷಕರು ಬರಿಯ ಆಕಸ್ಮಿಕವೆಂದು ತಿಳಿದಾರೆಂಬ ಅಂಜಿಕೆ ಅಸಹಜವೇನೂ ಅಲ್ಲ. ಕೃಪೆಯನ್ನು ಚಿತ್ರಿಸುವುದು ಕಾಳಗವನ್ನು ಚಿತ್ರಿಸಿದಷ್ಟು ಸುಲಭವಲ್ಲ.

ವಿಚಿತ್ರವೆಂದರೆ, ಕ್ಯಾಂಬೆಲ್ಲರ ಸೂತ್ರಕ್ಕೆ ಋಣಿಯಾದ ಲೂಕಸರ ಕಥಾಸರಣಿಯೇ ಒಂದೆಡೆ ಈ ಅರ್ಥಕ್ಕೆ ಹತ್ತಿರ ಬರುತ್ತದೆ. ೧೯೮೩ರ ‘ರಿಟರ್ನ್ ಆಫ್ ದ ಜೆಡೈ’ ಚಿತ್ರದಲ್ಲಿ ಲ್ಯೂಕ್, ಕೆಳಗೆ ಬಿದ್ದ ತಂದೆಯನ್ನು ಕೊಲ್ಲಲೊಲ್ಲದೆ ಆಯುಧವನ್ನು ಎಸೆದುಬಿಡುತ್ತಾನೆ. ಚಕ್ರವರ್ತಿಯ ಮಿಂಚಿನೇಟಿಗೆ ಸಿಕ್ಕಿ ನೆಲದ ಮೇಲೆ ಹೊರಳುತ್ತಿರುವ ಅವನಲ್ಲಿ ಆಗ ಯಾವ ಶಕ್ತಿಯೂ ಉಳಿದಿಲ್ಲ. ಮಗನ ಕೂಗನ್ನು ಕೇಳಿ ಮನಕರಗಿದ ತಂದೆ, ತನ್ನ ಪ್ರಾಣವನ್ನು ತೆತ್ತು ಅವನನ್ನು ಉಳಿಸಿಕೊಳ್ಳುತ್ತಾನೆ.