ತೂತಿನ ಚೀಟಿ ಮತ್ತು ಹದಿನೆಂಟು ಲಕ್ಷ ಮಕ್ಕಳು

೧೯೫೫ನೆಯ ಇಸವಿಯ ಏಪ್ರಿಲ್ ೧೨. ಅಮೆರಿಕದ ಮಿಷಿಗನ್ ಪ್ರಾಂತದ ಆನ್ ಆರ್ಬರ್ ಎಂಬ ವಿದ್ಯಾನಗರದ ಸಭಾಭವನದಲ್ಲಿ ಅಂದು ಬೆಳಿಗ್ಗೆ ಕಾಲಿಡಲು ತೆರಪಿರಲಿಲ್ಲ. ವೈದ್ಯರು, ವಿಜ್ಞಾನಿಗಳು, ಪತ್ರಿಕಾ ಬಾತ್ಮೀದಾರರು, ಕ್ಯಾಮರಾ ಹಿಡಿದವರು—ಎಲ್ಲರ ಕಿವಿಯೂ ಒಂದೇ ಮಾತಿಗಾಗಿ ಕಾದಿತ್ತು. ಡಾಕ್ಟರ್ ಥಾಮಸ್ ಫ್ರಾನ್ಸಿಸರು ವೇದಿಕೆಯೇರಿ ಸಾವಧಾನವಾಗಿ ತಮ್ಮ ವರದಿಯನ್ನು ಓದಿದರು. ಜೋನಾಸ್ ಸಾಲ್ಕ್ ಸಿದ್ಧಪಡಿಸಿದ ಪೋಲಿಯೋ ಲಸಿಕೆ ಫಲಕಾರಿಯಾದುದು ಎಂಬುದು ಅದರ ಸಾರ. ಸುದ್ದಿ ಹೊರಬಿದ್ದೊಡನೆ ಊರೂರುಗಳ ಚರ್ಚುಗಳಲ್ಲಿ ಗಂಟೆಗಳು ಮೊಳಗಿದವು. ಬೇಸಗೆ ಬಂದಿತೆಂದರೆ ಮಕ್ಕಳನ್ನು ಈಜುಕೊಳಕ್ಕೆ ಕಳುಹಿಸಲು ಅಂಜುತ್ತಿದ್ದ ತಾಯಂದಿರು ನೆಮ್ಮದಿಯ ಉಸಿರುಬಿಟ್ಟರು.

ಸಾಲ್ಕರ ಹೆಸರು ಅಂದಿನಿಂದ ಮನೆಮಾತಾಯಿತು. ಆದರೆ ಫ್ರಾನ್ಸಿಸರು ಆಡಿದ ಆ ಮಾತು ಎಲ್ಲಿಂದ ಬಂದಿತೆಂದು ವಿಚಾರಿಸಿದವರು ವಿರಳ. ಅದು ಬಂದುದು ಪ್ರಯೋಗಶಾಲೆಯ ಗಾಜಿನ ನಳಿಕೆಯಿಂದಲ್ಲ, ಕಾಗದದ ರಾಶಿಯಿಂದ. ಹಿಂದಿನ ವರ್ಷದ ಏಪ್ರಿಲ್ ೨೬ರಂದು ಆರಂಭವಾದ ಪರೀಕ್ಷೆಯಲ್ಲಿ ಅಮೆರಿಕ, ಕೆನಡ, ಫಿನ್ಲೆಂಡ್ ದೇಶಗಳ ಸುಮಾರು ೧೮ ಲಕ್ಷ ಶಾಲಾಮಕ್ಕಳು ಸೇರಿದ್ದರು. ಕೆಲವು ಪ್ರದೇಶಗಳಲ್ಲಿ ಎರಡು ಲಕ್ಷ ಮಕ್ಕಳಿಗೆ ನಿಜವಾದ ಲಸಿಕೆ. ಇನ್ನೆರಡು ಲಕ್ಷ ಮಕ್ಕಳಿಗೆ ನೋಡಲು ಹಾಗೆಯೇ ಇರುವ, ಆದರೆ ಔಷಧಗುಣವಿಲ್ಲದ ದ್ರವ. ಯಾರಿಗೆ ಯಾವುದು ಬಿದ್ದಿತೆಂಬುದು ಚುಚ್ಚಿದ ವೈದ್ಯನಿಗೂ ತಿಳಿಯದು, ತೋಳೊಡ್ಡಿದ ಮಗುವಿಗೂ ತಿಳಿಯದು. ತಿಳಿದಿದ್ದುದು ಸೀಸೆಯ ಮೇಲಿನ ಗುಪ್ತಸಂಖ್ಯೆಗೆ ಮಾತ್ರ. ಆ ಸಂಖ್ಯೆಯನ್ನು ಫಾರಂನಲ್ಲಿ ಬರೆದುಕೊಳ್ಳುತ್ತಿದ್ದರು.

ಆ ನಾಲ್ಕು ಲಕ್ಷ ಮಕ್ಕಳಲ್ಲಿ ಪೋಲಿಯೋದಿಂದ ಅಂಗ ಸೋತವರೆಷ್ಟು? ಲಸಿಕೆ ಪಡೆದವರಲ್ಲಿ ೩೩, ಪಡೆಯದವರಲ್ಲಿ ೧೧೫. ಒಂದು ಖಂಡದ ನಿರ್ಧಾರ ನೂರನಲವತ್ತೆಂಟು ಮಕ್ಕಳ ಕಾಗದಗಳ ಮೇಲೆ ನಿಂತಿತ್ತು. ಆ ೧೧೫ರಲ್ಲಿ ಬರಿಯ ನಲವತ್ತು ಮಕ್ಕಳ ಸೀಸೆಸಂಖ್ಯೆ ತಪ್ಪಾಗಿ ದಾಖಲಾಗಿ ಆಚೆಯ ಸಾಲಿಗೆ ಸೇರಿಬಿಟ್ಟಿದ್ದರೆ ಲೆಕ್ಕ ೭೩ಕ್ಕೆ ೭೫ ಆಗುತ್ತಿತ್ತು. ಲಸಿಕೆ ನಿಷ್ಪ್ರಯೋಜಕವೆಂದು ಮೂಲೆಗೆ ಬೀಳುತ್ತಿತ್ತು. ಶಾಲೆಯ ಉಪಾಧ್ಯಾಯಿನಿ, ದಾದಿ, ಆರೋಗ್ಯಾಧಿಕಾರಿ, ಗುಮಾಸ್ತ—ಇಷ್ಟು ಕೈಗಳನ್ನು ದಾಟಿ ಬಂದ ಲಕ್ಷಾಂತರ ಫಾರಂಗಳನ್ನು ಒಂದು ಚಳಿಗಾಲದೊಳಗೆ ಮನುಷ್ಯರು ಕೂತು ಎಣಿಸಿ ಮುಗಿಸುವುದು ಸಾಧ್ಯವೆ? ಸಾಧ್ಯವಿಲ್ಲ. ಫ್ರಾನ್ಸಿಸರ ಕಚೇರಿಯಲ್ಲಿ ಫಾರಂಗಳ ವಿವರಗಳು ರಟ್ಟಿನ ಚೀಟಿಗಳ ಮೇಲೆ ತೂತುಗಳಾದವು. ತೂತುಗಳನ್ನು ಯಂತ್ರಗಳು ಓದಿದವು.

ಟಿಕೆಟ್ಟಿನಿಂದ ಹೊಳೆದ ಯುಕ್ತಿ

ಈ ತೂತಿನ ಚೀಟಿ ಹುಟ್ಟಿದುದು ಯುದ್ಧಕ್ಕಾಗಿಯೋ ವ್ಯಾಪಾರಕ್ಕಾಗಿಯೋ ಎಂದು ಹಲವರು ಭಾವಿಸಿದ್ದಾರೆ. ಇದರ ಹಿಂದೆ ಇದ್ದವರು ಒಬ್ಬ ವೈದ್ಯರು. ಜಾನ್ ಷಾ ಬಿಲ್ಲಿಂಗ್ಸ್ ಅಮೆರಿಕದ ಸೈನ್ಯದಲ್ಲಿ ಶಸ್ತ್ರವೈದ್ಯರಾಗಿದ್ದು, ಅಲ್ಲಿಯ ಮಹಾ ವೈದ್ಯಗ್ರಂಥಾಲಯವನ್ನು ಬೆಳೆಸಿದವರು. ೧೮೮೦ರ ಜನಗಣತಿಯಲ್ಲಿ ಜನನಮರಣಗಳ ಲೆಕ್ಕ ಇವರ ಪಾಲಿಗೆ ಬಂದಿತು. ಗುಮಾಸ್ತರ ಸಾಲುಸಾಲು ಕೂತು ಹಾಳೆಗಳ ಮೇಲೆ ಗೀಟು ಹಾಕಿ ಎಣಿಸುವ ಕೆಲಸ. ಆ ಗಣತಿಯ ಪಟ್ಟಿಗಳು ಮುಗಿಯುವುದಕ್ಕೆ ಏಳೆಂಟು ವರ್ಷ ಹಿಡಿಯಿತೆಂದರೆ ಅದರ ಯಾತನೆ ಊಹಿಸಬಹುದು. ಅದೇ ಕಚೇರಿಯಲ್ಲಿ ಹರ್ಮನ್ ಹಾಲೆರಿತ್ ಎಂಬ ಇಪ್ಪತ್ತರ ಹರೆಯದ ಎಂಜಿನಿಯರ್ ಇದ್ದ. ಒಂದು ರಾತ್ರಿ ಬಿಲ್ಲಿಂಗ್ಸರ ಮನೆಯ ಊಟದ ಮೇಜಿನಲ್ಲಿ, ಈ ಎಣಿಕೆಯನ್ನು ಮಾಡಲು ಒಂದು ಯಂತ್ರವಿರಬೇಕಲ್ಲವೆ ಎಂಬ ಮಾತು ಅವರ ಬಾಯಿಂದ ಬಂದಿತು. ಹುಡುಗ ಊಟವನ್ನು ಮರೆತ, ಮಾತನ್ನು ಮರೆಯಲಿಲ್ಲ.

ದಾರಿ ತೋರಿಸಿದುದು ರೈಲಿನ ಟಿಕೆಟ್ಟು. ಆ ಕಾಲದ ರೈಲುಗಳಲ್ಲಿ ಒಬ್ಬರ ಟಿಕೆಟ್ಟನ್ನು ಇನ್ನೊಬ್ಬರು ಬಳಸಬಾರದೆಂದು ಕಂಡಕ್ಟರನು ಪ್ರಯಾಣಿಕನ ಚಹರೆಯನ್ನೇ ತೂತುಗಳಲ್ಲಿ ಗುರುತಿಸುತ್ತಿದ್ದ: ತಿಳಿಗೂದಲು, ಕಪ್ಪು ಕಣ್ಣು, ದೊಡ್ಡ ಮೂಗು! ಮೂಗನ್ನು ತೂತಿನಲ್ಲಿ ಹಿಡಿಯಬಹುದಾದರೆ ಸಾವಿನ ಕಾರಣವನ್ನೇಕೆ ಹಿಡಿಯಬಾರದು? ೧೮೮೭ರ ಸುಮಾರಿಗೆ ಬಾಲ್ಟಿಮೋರ್ ನಗರದ ಮರಣಗಳ ಲೆಕ್ಕ ಈ ಯಂತ್ರದ ಮೊದಲ ಪರೀಕ್ಷೆಯಾಯಿತು. ಸತ್ತವನೊಬ್ಬನಿಗೆ ಒಂದು ಚೀಟಿ. ವಯಸ್ಸಿಗೊಂದು ತೂತು, ಲಿಂಗಕ್ಕೊಂದು, ರೋಗಕ್ಕೊಂದು. ಕಂಡಕ್ಟರನ ಇಕ್ಕಳದಂತಹುದನ್ನೇ ಹಿಡಿದು ಸಾವಿರಾರು ಚೀಟಿಗಳನ್ನು ಒತ್ತಿ ಹಾಲೆರಿತ್‌ನ ತೋಳು ನೋಯಿತು. ಆ ನೋವಿನಿಂದಲೇ ಮುಂದೆ ತೂತು ಹಾಕುವ ಬೇರೆ ಸಲಕರಣೆಯೂ ಸಿದ್ಧವಾಯಿತು.

ಯಂತ್ರದ ಒಳಗುಟ್ಟು ಸರಳವಾದುದು. ಚೀಟಿಯ ಮೇಲೆ ಸೂಜಿಗಳ ಗುಂಪು ಇಳಿಯುತ್ತದೆ. ತೂತಿಲ್ಲದೆಡೆ ಸೂಜಿ ತಡೆದು ನಿಲ್ಲುತ್ತದೆ; ತೂತಿರುವಲ್ಲಿ ಕೆಳಗಿಳಿದು ಪಾದರಸದ ಬಟ್ಟಲನ್ನು ಮುಟ್ಟುತ್ತದೆ. ವಿದ್ಯುತ್ತು ಹರಿದು ಗಡಿಯಾರದಂತಹ ಮುಖದ ಮುಳ್ಳು ಒಂದು ಮನೆ ಮುಂದೆ ಸರಿಯುತ್ತದೆ. ೧೮೯೦ರ ಜನಗಣತಿಯಲ್ಲಿ ಆರು ಕೋಟಿ ಮೀರಿದ ಜನರನ್ನು ಈ ಮುಳ್ಳುಗಳು ಎಣಿಸಿದವು. ಹಾಲೆರಿತ್ ೧೮೯೬ರಲ್ಲಿ ಸ್ಥಾಪಿಸಿದ ಕಂಪೆನಿ ಬೇರೆ ಕಂಪೆನಿಗಳೊಡನೆ ಕೂಡಿ ೧೯೨೪ರಲ್ಲಿ ಐಬಿಎಂ ಎಂಬ ಹೆಸರನ್ನು ತಳೆಯಿತು.

ಎರಡು ಸಲ ಒತ್ತುವ ಕೈ

ಯಂತ್ರ ಎಣಿಸುವಾಗ ತಪ್ಪುವುದಿಲ್ಲ, ನಿಜ. ಆದರೆ ಫಾರಂನಿಂದ ಚೀಟಿಗೆ ವಿವರವನ್ನು ಇಳಿಸುವವರು ಮನುಷ್ಯರು, ಬಹುತೇಕ ಹೆಣ್ಣುಮಕ್ಕಳು. ವೈದ್ಯರ ಕೈಬರಹವನ್ನು ಓದಬಲ್ಲವರು ಔಷಧದ ಅಂಗಡಿಯವರು ಮಾತ್ರವೆಂಬ ಮಾತು ನಮ್ಮಲ್ಲಿ ಉಂಟಷ್ಟೆ. ಈ ಹೆಣ್ಣುಮಕ್ಕಳೂ ಅದನ್ನು ಕಲಿಯಬೇಕಾಯಿತು. ಒಬ್ಬಾಕೆ ಒತ್ತಿದ ಚೀಟಿಯನ್ನು ಇನ್ನೊಬ್ಬಾಕೆ ಮತ್ತೊಂದು ಯಂತ್ರದಲ್ಲಿಟ್ಟು, ಮೂಲ ಫಾರಂ ನೋಡಿಕೊಂಡು, ಅವೇ ಅಂಕಿಗಳನ್ನು ಮತ್ತೆ ಒತ್ತುತ್ತಿದ್ದಳು. ಇಬ್ಬರೂ ಒಪ್ಪಿದರೆ ಚೀಟಿಯ ಅಂಚಿನಲ್ಲಿ ಸಣ್ಣದೊಂದು ಕಚ್ಚು ಬೀಳುತ್ತಿತ್ತು; ಒಪ್ಪದಿದ್ದರೆ ಕೆಂಪು ದೀಪ. ಇಬ್ಬರೂ ಒಂದೇ ತಪ್ಪನ್ನು ಒಂದೇ ಜಾಗದಲ್ಲಿ ಮಾಡುವುದು ಅಪರೂಪ ಎಂಬುದೇ ಈ ಏರ್ಪಾಡಿನ ಜಾಣತನ. ಕಂಪ್ಯೂಟರಿನ ಕಾಲದಲ್ಲಿಯೂ ಒಳ್ಳೆಯ ಸಂಶೋಧನಾಲಯಗಳು ಈ ಎರಡು ಸಲದ ನಮೂದನ್ನು ಬಿಟ್ಟುಕೊಡಲಿಲ್ಲ.

ನಡುವಿನ ಕೈಯನ್ನೇ ತಪ್ಪಿಸಿದವನು ಮಿಷಿಗನ್ನಿನ ಒಬ್ಬ ಶಾಲಾ ಉಪಾಧ್ಯಾಯ, ರೆನಾಲ್ಡ್ ಜಾನ್ಸನ್. ಪೆನ್ಸಿಲಿನ ಕಪ್ಪು ವಿದ್ಯುತ್ತನ್ನು ಹರಿಯಗೊಡುತ್ತದೆಂಬುದನ್ನು ಹಿಡಿದು, ಹಾಳೆಯ ಮೇಲೆ ಹಚ್ಚಿದ ಗುರುತನ್ನು ಯಂತ್ರವೇ ನೇರವಾಗಿ ಓದುವಂತೆ ಆತ ಮಾಡಿದ. ಉತ್ತರಪತ್ರಿಕೆ ತಿದ್ದುವ ಆ ಯಂತ್ರವನ್ನು ಐಬಿಎಂ ೧೯೩೦ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ತಂದಿತು. ಸಿಇಟಿ ಪರೀಕ್ಷೆಯಲ್ಲಿ ಸೊನ್ನೆಗಳನ್ನು ಕಪ್ಪಾಗಿಸಿ ಬೆರಳು ಮಸಿಮಾಡಿಕೊಂಡ ನಮ್ಮ ವಿದ್ಯಾರ್ಥಿಗಳು ಅದರ ವಂಶದ ಯಂತ್ರಗಳಿಗೇ ಉತ್ತರ ಬರೆಯುತ್ತಾರೆ. ಸಂಶೋಧನೆಯ ಎಷ್ಟೋ ಫಾರಂಗಳೂ ಹೀಗೆಯೇ ಸೊನ್ನೆ ತುಂಬುವ ಹಾಳೆಗಳಾದವು.

ಈಗ ಕಾಗದವೂ ಹಿಂದೆ ಸರಿಯುತ್ತಿದೆ. ನ್ಯಾಷ್‌ವಿಲ್ ನಗರದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದಲ್ಲಿ ಪಾಲ್ ಹ್ಯಾರಿಸ್ ಮತ್ತು ಸಂಗಡಿಗರು ೨೦೦೪ರಲ್ಲಿ ಆರಂಭಿಸಿದ ರೆಡ್‌ಕ್ಯಾಪ್ ಎಂಬ ವ್ಯವಸ್ಥೆ ಇಂದು ದೇಶದೇಶಗಳ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ರೋಗಿಯ ವಯಸ್ಸು ೪೫ ಎನ್ನುವಲ್ಲಿ ೪೫೦ ಎಂದು ಒತ್ತಿದರೆ ಅದು ಆ ಕ್ಷಣದಲ್ಲಿಯೇ ಎಚ್ಚರಿಸುತ್ತದೆ. ಗಂಡಸಿಗೆ ಬಸಿರಿನ ಪ್ರಶ್ನೆ ಕಾಣದಂತೆ ಏರ್ಪಡಿಸಬಹುದು. ಆದರೆ ಇದರಿಂದ ಒಂದು ಹೊಸ ಚಪಲವೂ ಹುಟ್ಟಿದೆ: ಸೇರಿಸುವುದು ಸುಲಭವಾದ್ದರಿಂದ ಪ್ರಶ್ನೆಗಳ ಬಾಲ ಬೆಳೆಯುತ್ತ ಹೋಗುತ್ತದೆ. ಯಂತ್ರಕ್ಕೆ ದಣಿವಿಲ್ಲ, ರೋಗಿಗೆ ಉಂಟು. ೧೯೫೧ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಧೂಮಪಾನದ ವಿಷಯವಾಗಿ ಸುಮಾರು ೫೯,೬೦೦ ವೈದ್ಯರಿಗೆ ಅಂಚೆಯಲ್ಲಿ ಪ್ರಶ್ನಾವಳಿ ಕಳುಹಿಸಿದಾಗ ಅದರಲ್ಲಿದ್ದುದು ಬೆರಳೆಣಿಕೆಯ ಪ್ರಶ್ನೆಗಳು. ನಲವತ್ತು ಸಾವಿರಕ್ಕೂ ಹೆಚ್ಚು ವೈದ್ಯರು ಉತ್ತರಿಸಿದರು. ನಲವತ್ತು ಪ್ರಶ್ನೆ ಕೇಳಿದ್ದರೆ ಅಷ್ಟು ಮಂದಿ ಲೇಖನಿ ಎತ್ತುತ್ತಿದ್ದರೆ?

ಸದ್ದಿಲ್ಲದ ತಪ್ಪು

ಮನುಷ್ಯರ ತಪ್ಪುಗಳು ಚೆಲ್ಲಾಪಿಲ್ಲಿಯಾದವು, ಒಂದಿಲ್ಲಿ, ಒಂದಲ್ಲಿ. ಯಂತ್ರದ ತಪ್ಪು ಹಾಗಲ್ಲ. ಅದು ಒಂದೇ ತಪ್ಪನ್ನು ಶ್ರದ್ಧೆಯಿಂದ ಸಾವಿರ ಸಲ ಮಾಡುತ್ತದೆ, ಕೆಂಪು ದೀಪ ಹೊತ್ತಿಸದೆ. ವಂಶವಾಹಿಗಳಲ್ಲಿ ಸೆಪ್ಟ್-೨, ಮಾರ್ಚ್-೧ ಎಂಬ ಸಂಕ್ಷಿಪ್ತ ನಾಮಗಳಿದ್ದವು. ಎಕ್ಸೆಲ್ ಎಂಬ ಲೆಕ್ಕಪಟ್ಟಿ ಅವನ್ನು ಕಂಡು, ಓಹೋ ಇದು ತಾರೀಖು ಎಂದುಕೊಂಡು, ಸೆಪ್ಟೆಂಬರ್ ೨, ಮಾರ್ಚ್ ೧ ಎಂದು ತಿದ್ದಿಬಿಡುತ್ತಿತ್ತು! ೨೦೧೬ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಇಂತಹ ಪಟ್ಟಿಗಳನ್ನು ಲಗತ್ತಿಸಿದ್ದ ಸಂಶೋಧನಾ ಪ್ರಬಂಧಗಳ ಪೈಕಿ ಐದರಲ್ಲೊಂದು ಪಾಲಿನಲ್ಲಿ ಈ ದೋಷ ಕಂಡುಬಂದಿತು. ೨೦೨೦ರಲ್ಲಿ ವಿದ್ವಾಂಸರು ಸೋತು ವಂಶವಾಹಿಗಳ ಹೆಸರುಗಳನ್ನೇ ಬದಲಾಯಿಸಿದರು. ನಾಮಕರಣದಲ್ಲಿ ಯಂತ್ರದ ಮುಲಾಜು ನೋಡಬೇಕಾಗಿ ಬಂದ ಪ್ರಸಂಗವಿದು.

ಇದು ನಗೆಯ ಮಾತಾಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ನಡೆದುದು ನಗೆಯ ಮಾತಲ್ಲ. ಕೋವಿಡ್ ಪರೀಕ್ಷೆಯ ಫಲಿತಾಂಶಗಳು ಪ್ರಯೋಗಾಲಯಗಳಿಂದ ಸ್ವಯಂಚಾಲಿತವಾಗಿ ಬಂದು ಸರಕಾರದ ಆರೋಗ್ಯ ಇಲಾಖೆಯ ಪಟ್ಟಿಗಳಲ್ಲಿ ಸೇರುತ್ತಿದ್ದವು. ಆ ಪಟ್ಟಿಗಳು ಹಳೆಯ ಮಾದರಿಯವು; ಒಂದರಲ್ಲಿ ೬೫,೫೩೬ ಸಾಲುಗಳಿಗಷ್ಟೇ ಸ್ಥಳ. ಒಬ್ಬೊಬ್ಬ ರೋಗಿಗೂ ಹಲವು ಸಾಲು ಬೇಕಾದುದರಿಂದ ಪಟ್ಟಿ ಬೇಗ ತುಂಬಿತು. ಆಮೇಲೆ ಬಂದ ಹೆಸರುಗಳು ಸದ್ದಿಲ್ಲದೆ ಬಿದ್ದುಹೋದವು. ಸೆಪ್ಟೆಂಬರ್ ೨೫ರಿಂದ ಅಕ್ಟೋಬರ್ ೨ರ ವರೆಗೆ ಹೀಗೆ ತಪ್ಪಿಹೋದವರು ೧೫,೮೪೧ ಮಂದಿ. ತಮಗೆ ಸೋಂಕು ತಗುಲಿದೆಯೆಂಬುದು ಅವರಿಗೇನೋ ತಿಳಿದಿತ್ತು. ಆದರೆ ಅವರೊಡನೆ ಕೂತು ಉಂಡವರನ್ನು, ಒಂದೇ ಕೋಣೆಯಲ್ಲಿ ಕೆಲಸಮಾಡಿದವರನ್ನು ಸಕಾಲದಲ್ಲಿ ಹುಡುಕಿ ಎಚ್ಚರಿಸಬೇಕಾದವರಿಗೆ ಹೆಸರುಗಳು ತಲುಪಲೇ ಇಲ್ಲ. ಪಟ್ಟಿಯ ಕೊನೆಯ ಸಾಲನ್ನು ಯಾರಾದರೊಬ್ಬರು ದಿನಕ್ಕೊಮ್ಮೆ ಕಣ್ಣಾರೆ ನೋಡಿದ್ದರೆ ಸಾಕಾಗಿತ್ತು.

ನಮ್ಮ ದೇಶದಲ್ಲಿಯೂ ದೊಡ್ಡ ಆರೋಗ್ಯ ಸಮೀಕ್ಷೆಗಳು ಕಾಗದದ ಕಟ್ಟನ್ನು ಕೆಳಗಿಟ್ಟಿವೆ. ೨೦೧೫–೧೬ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ೧೨ ರಾಜ್ಯಗಳ ೩೯,೫೩೨ ಮಂದಿಯನ್ನು ಸಂದರ್ಶಿಸಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ಅದರ ಪೂರ್ವಪ್ರಯೋಗ ನಡೆದುದು ಕೋಲಾರ ಜಿಲ್ಲೆಯಲ್ಲಿ. ಸಂದರ್ಶಕರ ಕೈಯಲ್ಲಿದ್ದುದು ಟ್ಯಾಬ್ಲೆಟ್. ಕೊಟ್ಟ ಉತ್ತರಕ್ಕೆ ತಕ್ಕಂತೆ ಮುಂದಿನ ಪ್ರಶ್ನೆ ತಾನಾಗಿ ಮೂಡುವ ಫಲಕ.

ಇಂತಹ ಸಮೀಕ್ಷೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಕಳೆದ ಎರಡು ವಾರಗಳಲ್ಲಿ ದಿನದ ಬಹುಭಾಗ ಮನಸ್ಸಿಗೆ ದುಃಖವಾಗಿತ್ತೆ? ಕೆಳಗೆ ಎರಡು ಚೌಕ: ಹೌದು, ಇಲ್ಲ. ಪ್ರಶ್ನೆ ಕೇಳಿಸಿಕೊಂಡ ಗೃಹಿಣಿ ಜಗಲಿಯಲ್ಲಿ ಕುಳಿತಿರುತ್ತಾಳೆ. ಅತ್ತೆ ಒಳಗೆ ಅಕ್ಕಿ ಆರಿಸುತ್ತಿರುತ್ತಾರೆ. ಆಕೆ ಒಮ್ಮೆ ಬಾಗಿಲ ಕಡೆ ನೋಡಿ, ಹಾಗೇನಿಲ್ಲ ಎನ್ನುತ್ತಾಳೆ. ‘ಇಲ್ಲ’ ಎಂಬ ಚೌಕವನ್ನು ಮುಟ್ಟುವುದಕ್ಕೆ ಕ್ಷಣಾರ್ಧ ಸಾಕು. ಅನುಭವವುಳ್ಳ ಸಂದರ್ಶಕಿಯಾದರೆ ಟ್ಯಾಬ್ಲೆಟನ್ನು ತೊಡೆಯ ಮೇಲೆ ಮಗುಚಿಟ್ಟು, ಕುಡಿಯಲು ಒಂದು ಲೋಟ ನೀರು ಕೇಳುತ್ತಾಳೆ. ನೀರು ಬಂದ ಮೇಲೆ, ದನಿ ತಗ್ಗಿಸಿ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುತ್ತಾಳೆ.